ಆಂಚಲಿಕತೆಯ ಆಚೆಗೆ: ಫಣೀಶ್ವರನಾಥ ರೇಣು ಅವರ ಕಥನದಲ್ಲಿ ಆಲಿಸುವಿಕೆ

ಆಧುನಿಕ ಹಿಂದಿ ಕಥನಸಾಹಿತ್ಯದ ಚರಿತ್ರೆಯಲ್ಲಿ ಫಣೀಶ್ವರನಾಥ ರೇಣು (1921–1977) ಅವರ ಹೆಸರಿಗೆ ‘ಆಂಚಲಿಕ’ ಎಂಬ ವಿಶೇಷಣ ಬಿಡಿಸಲಾಗದಂತೆ ಅಂಟಿಕೊಂಡಿದೆ. ಈ ವಿಶೇಷಣವನ್ನು ಅವರಿಗೆ ಬೇರೆಯವರು ಹಚ್ಚಿದ್ದಲ್ಲ. 1954ರಲ್ಲಿ ಪ್ರಕಟವಾದ ‘ಮೈಲಾ ಆಂಚಲ್’ ಕಾದಂಬರಿಯ ಮುನ್ನುಡಿಯಲ್ಲಿ ಅವರೇ ತಮ್ಮ ಕೃತಿಯನ್ನು ಆಂಚಲಿಕ ಕಾದಂಬರಿಯೆಂದು ಕರೆದುಕೊಂಡರು. ಅಲ್ಲಿಂದ ಮುಂದೆ ಹಿಂದಿ ವಿಮರ್ಶೆ ಆ ಪದವನ್ನು ಒಂದು ಸಾಹಿತ್ಯಪ್ರಕಾರದ ಹೆಸರನ್ನಾಗಿ ಮಾಡಿ, ರೇಣು ಅವರನ್ನು ಅದರ ಪ್ರವರ್ತಕರೆಂದು ಗೌರವಿಸಿ, ಆ ಗೌರವದ ಮೂಲಕವೇ ಅವರನ್ನು ಪೂರ್ಣಿಯಾ ಜಿಲ್ಲೆಯ ಗಡಿಯೊಳಗೆ ಕೂರಿಸಿತು. ಆದರೆ ಅದೇ ಮುನ್ನುಡಿಯಲ್ಲಿ ಇನ್ನೊಂದು ಮಾತೂ ಇದೆ. ಜಿಲ್ಲೆಯ ಒಂದು ಭಾಗದ ಒಂದೇ ಒಂದು ಹಳ್ಳಿಯನ್ನು ತಾವು ಹಿಂದುಳಿದ ಹಳ್ಳಿಗಳ ಪ್ರತೀಕವೆಂದು ಭಾವಿಸಿ ಕಥಾಕ್ಷೇತ್ರವನ್ನಾಗಿ ಆರಿಸಿಕೊಂಡಿರುವುದಾಗಿ ಲೇಖಕರು ಅಲ್ಲಿ ಹೇಳಿದ್ದಾರೆ. ಮೊದಲ ಮಾತನ್ನು ಎತ್ತಿಕೊಂಡ ವಿಮರ್ಶೆ ಎರಡನೆಯದನ್ನು ಅಷ್ಟಾಗಿ ಗಮನಿಸಲಿಲ್ಲ. ಶೀರ್ಷಿಕೆಯೂ ಪ್ರಾಂತದ ಸೊತ್ತಲ್ಲ. ಅದು ಸುಮಿತ್ರಾನಂದನ ಪಂತರು ಗ್ರಾಮವಾಸಿನಿ ಭಾರತಮಾತೆಯನ್ನು ಕುರಿತು ಬರೆದ ಕವಿತೆಯಿಂದ ಬಂದದ್ದು. ಮಾಸಿದ ಸೆರಗು ಇಡೀ ದೇಶದ್ದು.

ರೇಣು ಅವರ ಜೀವನವೃತ್ತಾಂತ ಈ ಪ್ರಶ್ನೆಗೆ ಹೊರತಾದುದಲ್ಲ. 1921ರ ಮಾರ್ಚ್ 4ರಂದು ಅವರು ಬಿಹಾರದ ಔರಾಹಿ ಹಿಂಗ್ನಾ ಗ್ರಾಮದಲ್ಲಿ ಜನಿಸಿದರು. ಅಂದು ಪೂರ್ಣಿಯಾ ಜಿಲ್ಲೆಗೆ ಸೇರಿದ್ದ ಆ ಊರು ಇಂದು ಅರರಿಯಾ ಜಿಲ್ಲೆಯಲ್ಲಿದೆ. ಉತ್ತರಕ್ಕೆ ನೇಪಾಳ, ಪೂರ್ವಕ್ಕೆ ಬಂಗಾಳ, ಪಶ್ಚಿಮಕ್ಕೆ ಮಿಥಿಲೆ, ದಕ್ಷಿಣಕ್ಕೆ ಸಂತಾಲ ಪರಗಣ. ಹೀಗೆ ನಾಲ್ಕು ಭಾಷಾಲೋಕಗಳು ಕೂಡುವ ನೆಲ ಅದು. ಬಾಲಕ ರೇಣು ಕೆಲಕಾಲ ನೇಪಾಳದ ವಿರಾಟನಗರದಲ್ಲಿ ಕೊಯಿರಾಲಾ ಕುಟುಂಬದ ಆಶ್ರಯದಲ್ಲಿದ್ದು ಓದಿದರು. ಆ ಮೇಲೆ ಕಾಶಿಗೆ ಹೋದರು. 1942ರ ಚಳವಳಿಯಲ್ಲಿ ಸೆರೆಮನೆ ಸೇರಿದರು. ಸಮಾಜವಾದಿ ಪಕ್ಷದ ಕಾರ್ಯಕರ್ತರಾಗಿ ದುಡಿದರು. 1950ರಲ್ಲಿ ನೇಪಾಳದ ರಾಣಾ ಆಡಳಿತದ ವಿರುದ್ಧ ನಡೆದ ಸಶಸ್ತ್ರ ಹೋರಾಟದಲ್ಲಿ ಪಾಲ್ಗೊಂಡರು. ಕ್ಷಯರೋಗ ಅವರನ್ನು ಪಟ್ನಾದ ಆಸ್ಪತ್ರೆಯ ಹಾಸಿಗೆಗೆ ಕೆಡವಿತು. ಅಲ್ಲಿ ಶುಶ್ರೂಷೆ ಮಾಡಿದ ಲತಿಕಾ ಅವರು ಮುಂದೆ ಅವರ ಬಾಳಸಂಗಾತಿಯಾದರು. ಪಕ್ಷರಾಜಕಾರಣದಿಂದ ಸರಿದು ಬರವಣಿಗೆಗೆ ಪೂರ್ತಿ ತೊಡಗಿದ್ದು ಆ ನಂತರ. ಹಾಗಾಗಿ ‘ಮೈಲಾ ಆಂಚಲ್’ ಹಳ್ಳಿಯನ್ನು ಬಿಟ್ಟು ಬಂದವನ ಹಂಬಲದ ಬರಹವಲ್ಲ. ಪಕ್ಷದ ಬಾವುಟವನ್ನು ಊರಿಂದೂರಿಗೆ ಹೊತ್ತು, ತಾನು ಆಡಿದ ಭಾಷಣ ಕೇಳಿದವರ ಬಾಯಲ್ಲಿ ಏನಾಗಿ ಮರಳುತ್ತದೆ ಎಂಬುದನ್ನು ಕಣ್ಣಾರೆ, ಕಿವಿಯಾರೆ ಕಂಡ ಕಾರ್ಯಕರ್ತನ ಬರಹ ಅದು.

ಕಾದಂಬರಿಯ ಮೊದಲ ಪ್ರಸಂಗವೇ ಇದನ್ನು ಸ್ಥಾಪಿಸುತ್ತದೆ. ಮೇರಿಗಂಜ್ ಎಂಬ ಹಳ್ಳಿಗೆ ಮಲೇರಿಯಾ ಕೇಂದ್ರ ತೆರೆಯಲು ಜಾಗ ಅಳೆಯಬೇಕೆಂದು ಜಿಲ್ಲಾ ಮಂಡಳಿಯ ಸಿಬ್ಬಂದಿ ಬರುತ್ತಾರೆ. ಊರಿನಲ್ಲಿ ಹಬ್ಬುವ ಸುದ್ದಿ ಮಾತ್ರ ‘ಮಲೇಟರಿ’ ಬಂದಿದೆ ಎಂದು. ಕಿವುಡ ಚೇಥರೂನನ್ನು ಹಿಡಿದಿದ್ದಾರೆ, ಲೋಬಿನಲಾಲನ ಬಾವಿಯ ಬಕೆಟ್ ಬಿಚ್ಚಿಕೊಂಡು ಹೋಗಿದ್ದಾರೆ ಎಂದು. ರೋಗ ನಿವಾರಿಸಲು ಬಂದವರು ಸೈನಿಕರಾಗಿ ಕೇಳಿಸುತ್ತಾರೆ. ಇದನ್ನು ಗ್ರಾಮೀಣರ ಅಜ್ಞಾನದ ವಿನೋದವೆಂದು ಓದಿ ಮುಂದೆ ಹೋಗುವುದು ಸುಲಭ. ಆದರೆ ಈ ತಪ್ಪು ಕೇಳುವಿಕೆಗೆ ಚಾರಿತ್ರಿಕ ಕಾರಣವುಂಟು. 1942ರ ದಮನದ ದಿನಗಳಲ್ಲಿ ಮೇರಿಗಂಜ್‌ಗೆ ಸೈನ್ಯ ಬಂದಿರಲಿಲ್ಲ. ಜಿಲ್ಲೆಯ ಬೇರೆಡೆ ಅದು ಮಾಡಿದ ಅನಾಹುತದ ವದಂತಿಗಳು ಮಾತ್ರ ಅಲ್ಲಿಗೆ ತಲುಪಿದ್ದವು. ಸರ್ಕಾರವೆಂಬುದು ಆ ಊರಿಗೆ ಮೊದಲು ಬಂದದ್ದು ವದಂತಿಯಾಗಿ, ಭಯವಾಗಿ. ಆದುದರಿಂದ ಅದು ಎರಡನೆಯ ಸಲ ಔಷಧವಾಗಿ ಬಂದರೂ ಜನರ ಕಿವಿ ಹಳೆಯ ಪದವನ್ನೇ ಕೇಳುತ್ತದೆ. ಎಂಟು ಹತ್ತು ಪುಟಗಳ ವಿಶ್ಲೇಷಣೆ ಬೇಡುವ ಸಂಗತಿಯನ್ನು ರೇಣು ಅವರು ಒಂದು ಪದದ ಸೊಟ್ಟು ಉಚ್ಚಾರಣೆಯಲ್ಲಿ ಹಿಡಿದಿಟ್ಟಿದ್ದಾರೆ. ಊರಿನ ಹೆಸರು ಕೂಡ ಇಂತಹುದೇ. ಮಾರ್ಟಿನ್ ಎಂಬ ನೀಲಿ ತೋಟದ ದೊರೆ ತನ್ನ ಹೆಂಡತಿ ಮೇರಿಯ ಹೆಸರನ್ನು ಊರಿಗೆ ಇಡುತ್ತಾನೆ. ಅವಳು ಮಲೇರಿಯಾದಿಂದ ಸಾಯುತ್ತಾಳೆ. ಔಷಧಾಲಯಕ್ಕಾಗಿ ಓಡಾಡಿದ ಅವನು ಕೊನೆಗೆ ಹುಚ್ಚನಾಗುತ್ತಾನೆ.

ಈ ಕಾದಂಬರಿಯ ಉದ್ದಕ್ಕೂ ರಾಷ್ಟ್ರದ ಪದಗಳು ಹಳ್ಳಿಯ ಬಾಯಿಗೆ ಬಂದು ರೂಪ ಬದಲಿಸುತ್ತವೆ. ಸ್ವರಾಜ್ಯ ‘ಸುರಾಜ್’ ಆಗುತ್ತದೆ. ಗಾಂಧೀಜಿ ‘ಗನ್ಹೀ ಮಹಾತ್ಮಾ’ ಆಗುತ್ತಾರೆ. ಡಿಸ್ಟ್ರಿಕ್ಟ್ ಬೋರ್ಡು ‘ಡಿಸ್ಟೀಬೋಟ್’ ಆಗುತ್ತದೆ. ವೈಸ್ ಛೇರ್ಮನ್ ಎಂಬ ಹುದ್ದೆಯೊಳಗೆ ಎಲ್ಲಿಂದಲೋ ಒಂದು ಎಮ್ಮೆ ನುಗ್ಗಿ ಅದು ‘ಭೈಂಸಚರಮನ್’ ಎನಿಸಿಕೊಳ್ಳುತ್ತದೆ. (ಇದನ್ನು ಕನ್ನಡಕ್ಕೆ ತರಹೊರಟವರು ಎಮ್ಮೆಯನ್ನು ಬಿಡಬೇಕೋ ಛೇರ್ಮನ್ನರನ್ನು ಬಿಡಬೇಕೋ ಎಂಬ ಸಂದಿಗ್ಧಕ್ಕೆ ಸಿಲುಕದಿರಲಾರರು.) ಇಂತಹ ಪದಗಳಿಗೆ ಶಿಷ್ಟ ರೂಪಗಳನ್ನು ಲೇಖಕರು ಅಡಿಟಿಪ್ಪಣಿಯಲ್ಲಿ ಕೊಟ್ಟಿದ್ದಾರೆ. ಪುಟದ ಮೇಲ್ಭಾಗದಲ್ಲಿ ಹಳ್ಳಿಯ ಮಾತು, ಕೆಳಗೆ ಸಣ್ಣ ಅಕ್ಷರಗಳಲ್ಲಿ ಸರ್ಕಾರದ ಮಾತು: ವಾಸ್ತವ ಬದುಕಿನ ಅಧಿಕಾರಶ್ರೇಣಿ ಪುಟದಲ್ಲಿ ತಲೆಕೆಳಗಾಗಿರುವುದು ಆಕಸ್ಮಿಕವೇ ಇರಬಹುದು, ಆದರೆ ಓದಿನಲ್ಲಿ ಅದರ ಪರಿಣಾಮ ದೊಡ್ಡದು.

ಪ್ರೇಮಚಂದರೊಂದಿಗೆ ಹೋಲಿಸಿದಾಗ ಈ ಅಂಶ ಸ್ಪಷ್ಟವಾಗುತ್ತದೆ. 1936ರ ‘ಗೋದಾನ್’ ಕಾದಂಬರಿಯ ನಿರೂಪಕನು ಹೋರಿಯ ದುಃಖವನ್ನು ಬಲ್ಲವನು, ಅದಕ್ಕೆ ಮರುಗುವವನು. ಆದರೆ ಅವನ ಭಾಷೆ ಹೋರಿಯ ಭಾಷೆಯಿಂದ ಒಂದು ಗೌರವದ ದೂರದಲ್ಲಿ ನಿಂತಿರುತ್ತದೆ. ರೇಣು ಅವರ ನಿರೂಪಕನಿಗೆ ಅಂತಹ ಸ್ಥಿರವಾದ ನಿಲುಗಡೆಯಿಲ್ಲ. ಒಂದು ವಾಕ್ಯವನ್ನು ಅವನು ಶಿಷ್ಟ ಹಿಂದಿಯಲ್ಲಿ ತೊಡಗಿ ಊರಿನ ಹೆಂಗಸೊಬ್ಬಳ ಚಾಡಿಮಾತಿನಲ್ಲಿ ಮುಗಿಸುತ್ತಾನೆ. ಯಾರು ಹೇಳಿದರು ಎಂದು ತಿಳಿಯದ ಮಾತುಗಳು ನಡುನಡುವೆ ತೇಲಿಬರುತ್ತವೆ. ಮೃದಂಗದ, ಡೋಲಿನ ಬಡಿತಗಳು ಅಕ್ಷರಗಳಾಗಿ ವಾಕ್ಯದ ನಡುವೆ ನಿಲ್ಲುತ್ತವೆ. ಕನ್ನಡದ ಓದುಗರಿಗೆ ‘ಪ್ರಾದೇಶಿಕ ಕಾದಂಬರಿ’ ಎಂದೊಡನೆ ಕಾರಂತರ ಕರಾವಳಿ, ಕುವೆಂಪು ಅವರ ಮಲೆನಾಡು ನೆನಪಾಗುವುದು ಸಹಜ. ಅಲ್ಲಿ ಪಾತ್ರಗಳ ಸಂಭಾಷಣೆ ಪ್ರದೇಶದ್ದು, ನಿರೂಪಣೆ ಶಿಷ್ಟ ಗದ್ಯದ್ದು. ದೇವನೂರ ಮಹಾದೇವರ ‘ಕುಸುಮಬಾಲೆ’ಯಲ್ಲಿ ನಿರೂಪಣೆಯೇ ಆಡುಮಾತಿನೊಳಗೆ ಇಳಿಯಿತು. ರೇಣು ಅವರ ಗದ್ಯ ಇವೆರಡರ ನಡುವೆ ಹೋಗಿಬಂದು ಮಾಡುವಂತಹುದು. ಅದರ ಚಲನೆಯೇ ಅದರ ಅರ್ಥ.

ಕೃತಿ ಮೊದಲು ಪಟ್ನಾದ ಸಮತಾ ಪ್ರಕಾಶನದಿಂದ ಹೊರಬಂದು, ಅನಂತರ ದೆಹಲಿಯ ರಾಜಕಮಲ ಪ್ರಕಾಶನದ ಮೂಲಕ ಹಿಂದಿ ಜಗತ್ತನ್ನು ವ್ಯಾಪಿಸಿತು. ನಲಿನ್ ವಿಲೋಚನ ಶರ್ಮಾ ಅವರಂತಹ ವಿಮರ್ಶಕರು ಅದನ್ನು ಮುಕ್ತಕಂಠದಿಂದ ಸ್ವಾಗತಿಸಿದರು. ರಾಮವಿಲಾಸ ಶರ್ಮಾ ಅವರು ಪ್ರೇಮಚಂದ ಪರಂಪರೆಯ ಮಾನದಂಡದಿಂದ ಅಳೆದು ಅದರಲ್ಲಿ ಕೊರತೆಗಳನ್ನೇ ಹೆಚ್ಚಾಗಿ ಕಂಡರು. ಇವುಗಳ ಜೊತೆಗೆ ಇನ್ನೊಂದು ಆಕ್ಷೇಪವೂ ಎದ್ದಿತು: ಪೂರ್ಣಿಯಾದಲ್ಲೇ ನೆಲೆಸಿದ್ದ ಬಂಗಾಳಿ ಕಾದಂಬರಿಕಾರ ಸತೀನಾಥ ಭಾದುಡಿ ಅವರ ‘ಢೋಂಢಾಯಿ ಚರಿತ ಮಾನಸ’ದ ಅನುಕರಣೆ ಇದು ಎಂದು. ಭಾದುಡಿ ಅವರು ರೇಣು ಅವರಿಗೆ ಹಿರಿಯರು, 1942ರ ಚಳವಳಿಯ ಸೆರೆವಾಸದಲ್ಲಿ ಜೊತೆಗಿದ್ದವರು, ಸಾಹಿತ್ಯದಲ್ಲಿ ಗುರುಸಮಾನರು; ಈ ಋಣವನ್ನು ರೇಣು ಎಂದೂ ಮರೆಮಾಚಲಿಲ್ಲ. ಆದರೆ ಎರಡು ಕೃತಿಗಳ ಕಟ್ಟೋಣ ಬೇರೆಬೇರೆ. ಭಾದುಡಿ ತುಲಸೀದಾಸರ ರಾಮಚರಿತಮಾನಸದ ಚೌಕಟ್ಟಿನಲ್ಲಿ ತತ್ಮಾ ಸಮುದಾಯದ ಒಬ್ಬ ಅನಾಥನ ಬದುಕನ್ನು ಹಿಂಬಾಲಿಸುತ್ತಾರೆ. ರೇಣು ಅವರಲ್ಲಿ ನಾಯಕನೇ ಇಲ್ಲ. ಡಾಕ್ಟರ್ ಪ್ರಶಾಂತನಾಗಲಿ, ಕಾಂಗ್ರೆಸ್ಸಿನ ಬಾಲದೇವನಾಗಲಿ, ಸಮಾಜವಾದಿ ಕಾಲಿಚರಣನಾಗಲಿ ಹಳ್ಳಿಯ ಗದ್ದಲದಲ್ಲಿ ಒಂದಷ್ಟು ಹೊತ್ತು ಎದ್ದು ಕೇಳಿಸಿ ಮತ್ತೆ ಮುಳುಗುವ ದನಿಗಳು. ಸಮಾನವಾಗಿರುವುದು ಎರಡರಲ್ಲೂ ಗಾಂಧಿ ಎಂಬ ಹೆಸರು ಜನರ ಬಾಯಲ್ಲಿ ಪವಾಡಪುರುಷನಾಗುವ ಪರಿ. ಅದನ್ನು ಒಬ್ಬರಿಂದ ಒಬ್ಬರು ಕದಿಯುವ ಅಗತ್ಯವಿರಲಿಲ್ಲ, ಇಬ್ಬರೂ ಒಂದೇ ಸಂತೆಯಲ್ಲಿ ಅದನ್ನು ಕೇಳಿದ್ದರು. ಗೋರಖಪುರದಲ್ಲಿ 1921ರಲ್ಲಿ ಹಬ್ಬಿದ ಗಾಂಧಿ ವದಂತಿಗಳನ್ನು ಕುರಿತು ಚರಿತ್ರಕಾರ ಶಾಹಿದ್ ಅಮೀನ್ 1984ರಲ್ಲಿ ಬರೆದ ಪ್ರಬಂಧ ಹೆಸರಾಯಿತು. ಆ ಬಗೆಯ ಪುರಾವೆಯನ್ನು ಈ ಇಬ್ಬರು ಕಾದಂಬರಿಕಾರರು ಮೂರು ದಶಕಗಳಷ್ಟು ಮುಂಚೆಯೇ ದಾಖಲಿಸಿದ್ದರು ಎಂಬುದನ್ನು ಸಂಶೋಧಕರು ಗಮನಿಸಬೇಕು.

‘ಮೈಲಾ ಆಂಚಲ್’ನ ಅತ್ಯಂತ ಗಹನವಾದ ಭಾಗ ಬಾವನದಾಸನ ಸಾವು. ಕುಬ್ಜದೇಹದ ಈ ಗಾಂಧಿವಾದಿ, ಗಾಂಧಿಯ ಹತ್ಯೆಯ ನಂತರದ ದಿನಗಳಲ್ಲಿ, ಹೊಸದಾಗಿ ಎಳೆದ ಭಾರತ–ಪಾಕಿಸ್ತಾನ ಗಡಿಯಲ್ಲಿ ಕಳ್ಳಸಾಗಣೆಯ ಗಾಡಿಗಳಿಗೆ ಅಡ್ಡ ನಿಲ್ಲುತ್ತಾನೆ. ಆ ಸರಕಿನ ಹಿಂದೆ ಇರುವವರು ಅವನದೇ ಪಕ್ಷದ ಜನ. ಗಾಡಿಗಳು ಅವನ ಮೇಲೆ ಹಾದುಹೋಗುತ್ತವೆ. ಹೆಣವನ್ನು ನದಿಯಾಚೆ ಪಾಕಿಸ್ತಾನದ ಕಡೆಗೆ ಎಸೆಯಲಾಗುತ್ತದೆ. ಆ ಕಡೆಯವರು ಅದನ್ನು ಈಚೆಗೆ ಹಾಕುತ್ತಾರೆ. ಎರಡು ರಾಷ್ಟ್ರಗಳಲ್ಲಿ ಒಂದೂ ಈ ದೇಹವನ್ನು ತನ್ನದೆನ್ನುವುದಿಲ್ಲ. ಅವನ ಜೋಳಿಗೆ ಮಾತ್ರ ಮರದಲ್ಲಿ ನೇತಾಡುತ್ತ ಉಳಿಯುತ್ತದೆ. ಅಲ್ಲಿಯವರೆಗೂ ಇದೊಂದು ರಾಜಕೀಯ ಆರೋಪದ ಕಥೆ. ರೇಣು ಅಷ್ಟಕ್ಕೆ ನಿಲ್ಲಿಸಿದ್ದರೆ ಅವರನ್ನು ಆ ಕಾಲದ ಇತರ ಪ್ರಗತಿಶೀಲರ ಸಾಲಿನಲ್ಲಿ ಇಡಬಹುದಿತ್ತು. ಆದರೆ ಮುಂದೆ ದಾರಿಹೋಕರು ಆ ಜೋಳಿಗೆಯ ಚಿಂದಿಯನ್ನು ‘ಚೇಥರಿಯಾ ಪೀರ್’ ಎಂದು ಬಗೆದು ಹರಕೆ ಹೊತ್ತು ತಾವೂ ಚಿಂದಿ ಕಟ್ಟತೊಡಗುತ್ತಾರೆ. ಕೊಲೆಗೆ ಸಾಕ್ಷಿಯಾಗಬೇಕಾದ ವಸ್ತು ಪೂಜೆಯ ವಸ್ತುವಾಗುತ್ತದೆ. ತಪ್ಪಾಗಿ ಕೇಳಿಸಿಕೊಳ್ಳುವ ಹಳ್ಳಿ ಇಲ್ಲಿ ತಪ್ಪಾಗಿ ನೆನಪಿಟ್ಟುಕೊಳ್ಳುತ್ತದೆ. ಆದರೂ ರಾಷ್ಟ್ರ ಮರೆತವನನ್ನು ಯಾವುದೋ ಒಂದು ರೂಪದಲ್ಲಿ ಉಳಿಸಿಕೊಳ್ಳುವುದು ಆ ಹಳ್ಳಿಯೇ. ಇದು ನಗೆಯೋ ದುಃಖವೋ ಎಂದು ಲೇಖಕರು ತೀರ್ಮಾನ ಕೊಡುವುದಿಲ್ಲ.

ಇಷ್ಟು ಸೂಕ್ಷ್ಮವಾದ ಕಿವಿಗೂ ಒಂದು ಎಲ್ಲೆಯುಂಟು, ಅದನ್ನು ಮುಚ್ಚಿಡುವುದು ರೇಣು ಅವರಿಗೆ ಗೌರವ ತರುವ ಕೆಲಸವಲ್ಲ. ಕಾದಂಬರಿಯಲ್ಲಿ ಕಾಯಸ್ಥ, ರಜಪೂತ, ಯಾದವ ಕೇರಿಗಳು ಪರಸ್ಪರ ಕಾದಾಡುತ್ತ, ಒಳಸಂಚು ಹೂಡುತ್ತ ಬಾಳುತ್ತವೆ. ಭೂಮಿಯ ಪ್ರಶ್ನೆಯಲ್ಲಿ ಸಂತಾಲರ ವಿರುದ್ಧ ನಿಲ್ಲಬೇಕಾದಾಗ ಮಾತ್ರ ಅವು ಒಂದಾಗುತ್ತವೆ. ತಲೆಮಾರುಗಳಿಂದ ಕಾಡು ಕಡಿದು ಹೊಲ ಮಾಡಿದ ಸಂತಾಲರು ಊರಿನ ಲೆಕ್ಕದಲ್ಲಿ ಹೊರಗಿನವರು. ಘರ್ಷಣೆಯಾಗುತ್ತದೆ, ನ್ಯಾಯಾಲಯದ ಶಿಕ್ಷೆ ಸಂತಾಲರ ಪಾಲಿಗೆ ಬರುತ್ತದೆ. ಈ ಅನ್ಯಾಯವನ್ನು ರೇಣು ನಿರ್ದಾಕ್ಷಿಣ್ಯವಾಗಿ ತೋರಿಸಿದ್ದಾರೆ. ಆದರೆ ಎಲ್ಲ ಕೇರಿಗಳ ಪಿಸುಮಾತನ್ನೂ ಹಿಡಿಯುವ ನಿರೂಪಣೆಗೆ ಸಂತಾಲರ ಕೇರಿಯೊಳಗಿನ ಮಾತು ಅಪರೂಪವಾಗಿ ಕೇಳಿಸುತ್ತದೆ; ಅವರು ಓದುಗರಿಗೆ ತಲುಪುವುದು ಬಹುಪಾಲು ದೂರದ ಮಾದಲದ ಸದ್ದಾಗಿ. ಅಂದರೆ ಊರು ಅವರನ್ನು ಎಲ್ಲಿಂದ ಕೇಳುತ್ತದೋ ಅಲ್ಲಿಂದಲೇ ಕಾದಂಬರಿಯೂ ಕೇಳುತ್ತದೆ. 1971ರ ನವೆಂಬರ್‌ನಲ್ಲಿ ಇದೇ ಪೂರ್ಣಿಯಾ ಜಿಲ್ಲೆಯ ರೂಪಸಪುರ ಚಂದವಾದಲ್ಲಿ ಸಂತಾಲ ಪಾಲುಗೇಣಿದಾರರ ಹತ್ಯಾಕಾಂಡ ನಡೆಯಿತು. ಕಾದಂಬರಿ ಹದಿನೇಳು ವರ್ಷ ಮೊದಲೇ ಆ ಹಗೆಯನ್ನು ಗುರುತಿಸಿತ್ತು ಎಂಬುದೂ ನಿಜ, ಹತರಾದವರ ಭಾಷೆ ಅದರಲ್ಲಿ ತೆಳುವಾಗಿತ್ತು ಎಂಬುದೂ ನಿಜ. ಇದಕ್ಕೆ ಹೋಲಿಸಿದರೆ ಡಾಕ್ಟರ್ ಪ್ರಶಾಂತನ ಆದರ್ಶೀಕರಣವನ್ನು ಕುರಿತು ವಿಮರ್ಶಕರು ಎತ್ತುವ ದೂರು ಸಣ್ಣದು. ಆದರೆ ತಹಸೀಲ್ದಾರ ವಿಶ್ವನಾಥ ಪ್ರಸಾದ ಮೊಮ್ಮಗನ ಜನನದ ಸಂಭ್ರಮದಲ್ಲಿ ಜನರಿಗೆ ಜಮೀನು ಹಿಂದಿರುಗಿಸುವ ಅಂತ್ಯ, ಅಲ್ಲಿಯವರೆಗಿನ ಕಟು ತಿಳಿವಳಿಕೆಯ ಮುಂದೆ ಸಡಿಲವಾಗಿದೆ.

1957ರ ‘ಪರತೀ ಪರಿಕಥಾ’ ಇನ್ನೂ ಹಿರಿದಾದ ಆಶಯದ ಕೃತಿ. ಕೋಸಿ ನದಿ ತನ್ನ ಪಾತ್ರ ಬದಲಿಸುತ್ತ ಬಂಜರಾಗಿಸಿಹೋದ ನೆಲ, ಭೂಮಾಪನದಿಂದ ಸಿಡಿದೇಳುವ ಮನೆಮನೆಯ ವ್ಯಾಜ್ಯ, ಅಣೆಕಟ್ಟಿನ ಯೋಜನೆ ಹುಟ್ಟಿಸಿದ ನಿರೀಕ್ಷೆ ಇವು ಅದರ ವಸ್ತು. ಪರಾನಪುರದ ಜಮೀನ್ದಾರಿ ಮನೆತನದ ಜಿತೇಂದ್ರ ಪಾಳುಭೂಮಿಗೆ ಹಸಿರು ತರುವ ಕನಸು ಕಾಣುತ್ತಾನೆ. ಭಾರತ ಮತ್ತು ನೇಪಾಳಗಳ ನಡುವಿನ ಕೋಸಿ ಒಪ್ಪಂದ 1954ರಲ್ಲಿ ಆಗಿತ್ತು. ಕಾದಂಬರಿ ಆ ಹೊಸ ಭರವಸೆಯ ಬಿಸಿಯಲ್ಲೇ ಬರೆದದ್ದು. 2008ರ ಆಗಸ್ಟ್‌ನಲ್ಲಿ ನೇಪಾಳದ ಕುಸಹಾ ಬಳಿ ಕೋಸಿಯ ಒಡ್ಡು ಒಡೆದು, ನದಿ ತನ್ನ ಹಳೆಯ ಪಾತ್ರಗಳನ್ನು ಹುಡುಕಿಕೊಂಡು ಸುಪೌಲ್, ಮಧೇಪುರಾ, ಅರರಿಯಾ ಜಿಲ್ಲೆಗಳ ಹಳ್ಳಿಗಳ ಮೇಲೆ ಹರಿದ ಮೇಲೆ, ಈ ಕೃತಿಯ ಯೋಜನಾಪರ ಪುಟಗಳು ಹಿಂದಿನಂತೆ ಓದಿಸಿಕೊಳ್ಳುವುದಿಲ್ಲ. ಅದೇ ಕಾದಂಬರಿಯಲ್ಲಿ ಬರುವ ಕೋಸಿಯ ಜಾನಪದ ಕಥೆಗಳು, ಅತ್ತೆ ನಾದಿನಿಯರ ಕಾಟದಿಂದ ಕೆರಳಿ ಓಡುವ ಹೆಣ್ಣಾಗಿ ನದಿಯನ್ನು ಕಾಣುವ ಹಾಡುಗಬ್ಬ, ಇಂದು ಹೆಚ್ಚು ವಾಸ್ತವವೆನಿಸುತ್ತವೆ. ಯೋಜನೆಯನ್ನು ನಂಬಿದ ಲೇಖಕ ಅದನ್ನು ನಂಬದ ಹಾಡನ್ನೂ ಅಷ್ಟೇ ನಿಷ್ಠೆಯಿಂದ ದಾಖಲಿಸಿದ್ದರ ಫಲ ಇದು.

ಸಣ್ಣಕಥೆಗಳಲ್ಲಿ ರೇಣು ಅವರ ಪ್ರತಿಭೆ ಹೆಚ್ಚು ಸಾಂದ್ರವಾಗಿದೆ ಎನ್ನಬೇಕು. ಅವುಗಳಲ್ಲಿ ಮತ್ತೆ ಮತ್ತೆ ಬರುವ ಸನ್ನಿವೇಶ, ಹೇಳಬೇಕಾದ್ದನ್ನು ಹೇಳಲಾಗದ ಮನುಷ್ಯನದು. ‘ಸಂವದಿಯಾ’ದ ಹರಗೋಬಿನ್ ಸಂದೇಶವಾಹಕ, ಕೇಳಿದ ಮಾತನ್ನು ಅಕ್ಷರ ಬಿಡದೆ, ಅದೇ ದನಿಯಲ್ಲಿ ಒಪ್ಪಿಸುವುದು ಅವನ ಕಸುಬು. ಬಡತನಕ್ಕೆ ಬಿದ್ದ ದೊಡ್ಡ ಮನೆಯ ಸೊಸೆ ತನ್ನ ತವರಿಗೆ ಕಳಿಸಿದ ಸಂಕಟದ ಸಂದೇಶವನ್ನು ಅವನು ಅಲ್ಲಿ ಹೇಳಲಾರದೆ ಹಿಂದಿರುಗುತ್ತಾನೆ. ಹೇಳಿದರೆ ಊರಿನ ಮಾನ ಹೋಗುತ್ತದೆ. ಕಸುಬಿನಲ್ಲಿ ಸೋತದ್ದರಿಂದಲೇ ಅವನು ಅವಳಿಗೆ ಮಗನಾಗುತ್ತಾನೆ. ‘ರಸಪ್ರಿಯಾ’ದ ಮೃದಂಗವಾದಕನ ಬೆರಳು ಸೊಟ್ಟಗಾಗಿದೆ, ಅವನ ಕಲೆಯನ್ನು ಕೇಳುವವರೂ ಇಲ್ಲವಾಗುತ್ತಿದ್ದಾರೆ. ‘ಠೇಸ್’ ಕಥೆಯ ಚಾಪೆ ಹೆಣೆಯುವ ಸಿರಚನ್ ಒಂದು ಚುಚ್ಚುಮಾತಿಗೆ ನೊಂದು ಕೆಲಸ ಬಿಟ್ಟೇಳುತ್ತಾನೆ, ಕೊನೆಗೆ ರೈಲ್ವೆ ನಿಲ್ದಾಣಕ್ಕೆ ಓಡಿಬಂದು ಗಂಡನ ಮನೆಗೆ ಹೊರಟ ಹುಡುಗಿಯ ಕೈಗೆ ತಾನು ಹೆಣೆದದ್ದನ್ನು ಇಡುತ್ತಾನೆ. ‘ಪಂಚಲೈಟ್’ ಇವುಗಳಿಗಿಂತ ಹಗುರವಾದ ಕಥೆ, ಪಂಗಡದವರು ಕೂಡಿ ಕೊಂಡ ಪೆಟ್ರೋಮ್ಯಾಕ್ಸ್ ಹಚ್ಚಲು ಬಹಿಷ್ಕೃತ ಯುವಕನನ್ನೇ ಕರೆಯಬೇಕಾಗುವ ಪ್ರಸಂಗ. ಜನಪ್ರಿಯತೆಯಲ್ಲಿ ಮಾತ್ರ ಅದಕ್ಕೆ ಮುಂದಿನ ಸ್ಥಾನ.

1959ರ ‘ಠುಮರಿ’ ಸಂಕಲನದಲ್ಲಿ ಸೇರಿದ ‘ತೀಸ್ರೀ ಕಸಮ್ ಅರ್ಥಾತ್ ಮಾರೇ ಗಯೇ ಗುಲ್ಫಾಮ್’ ಕಥೆಯನ್ನು ಹೆಚ್ಚಿನವರು ಬಲ್ಲರು. ಗೀತಕಾರ ಶೈಲೇಂದ್ರ ನಿರ್ಮಿಸಿ ಬಾಸು ಭಟ್ಟಾಚಾರ್ಯ ನಿರ್ದೇಶಿಸಿದ ಚಲನಚಿತ್ರ 1966ರಲ್ಲಿ ತೆರೆಕಂಡಿತು. ಸಂಭಾಷಣೆ ರೇಣು ಅವರದು. ಚಿತ್ರ ಗಲ್ಲಾಪೆಟ್ಟಿಗೆಯಲ್ಲಿ ಸೋತು, ಶೈಲೇಂದ್ರ ಅದೇ ವರ್ಷದ ಡಿಸೆಂಬರ್‌ನಲ್ಲಿ ತೀರಿಕೊಂಡರು. ರಾಷ್ಟ್ರಪ್ರಶಸ್ತಿ ಬಂದದ್ದು ಅವರಿಲ್ಲವಾದ ಮೇಲೆ. ಚಿತ್ರ ಚೆನ್ನಾಗಿದೆ, ಆದರೆ ಕಥೆಯ ಮುಖ್ಯವಾದ ಒಂದು ಗುಣ ತೆರೆಗೆ ಬರುವಂತಹುದಲ್ಲ. ಗಾಡಿ ಹೊಡೆಯುವ ಹೀರಾಮನ್ ತನ್ನ ಗಾಡಿಯಲ್ಲಿ ಕುಳಿತ ನೌಟಂಕಿಯ ಹೀರಾಬಾಯಿಯನ್ನು ಮೊದಲು ಅರಿಯುವುದು ಬೆನ್ನಿನಿಂದ ಮತ್ತು ಕಿವಿಯಿಂದ: ಬೆನ್ನಿಗೆ ತಾಗುವ ಕಚಗುಳಿ, ಪರದೆಯ ಹಿಂದಿನ ದನಿ. ಕಾಣುವುದು ಆಮೇಲೆ. ಕ್ಯಾಮೆರಾಕ್ಕೆ ಈ ಕ್ರಮವನ್ನು ಪಾಲಿಸುವುದು ಕಷ್ಟ, ಅದರಲ್ಲೂ ಪರದೆಯ ಹಿಂದೆ ಇರುವವರು ವಹೀದಾ ರೆಹಮಾನ್ ಎಂದು ಪ್ರೇಕ್ಷಕರಿಗೆ ಮೊದಲೇ ತಿಳಿದಿರುವಾಗ.

ಅವರ ಕೊನೆಯ ವರ್ಷಗಳು ಮತ್ತೆ ರಾಜಕಾರಣದ ವರ್ಷಗಳು. 1972ರಲ್ಲಿ ಫಾರ್ಬಿಸ್‌ಗಂಜ್ ಕ್ಷೇತ್ರದಿಂದ ಪಕ್ಷೇತರರಾಗಿ ವಿಧಾನಸಭೆಗೆ ಸ್ಪರ್ಧಿಸಿ ಸೋತರು. 1974ರ ಬಿಹಾರ ಚಳವಳಿಯಲ್ಲಿ ಜಯಪ್ರಕಾಶ ನಾರಾಯಣರ ಜೊತೆ ನಿಂತು ಬಂಧನಕ್ಕೊಳಗಾದರು. ಆ ವರ್ಷದ ನವೆಂಬರ್‌ನಲ್ಲಿ ಪಟ್ನಾದಲ್ಲಿ ಪ್ರದರ್ಶನಕಾರರ ಮೇಲೆ ಲಾಠಿ ಪ್ರಹಾರವಾದ ಬಳಿಕ, 1970ರಲ್ಲಿ ಪಡೆದಿದ್ದ ಪದ್ಮಶ್ರೀಯನ್ನು ಹಿಂದಿರುಗಿಸಿದರು. ರಾಜ್ಯ ಸರ್ಕಾರದ ಮಾಸಾಶನವನ್ನೂ ತ್ಯಜಿಸಿದರು. ತುರ್ತುಪರಿಸ್ಥಿತಿಯ ನಂತರದ 1977ರ ಚುನಾವಣೆಯ ಫಲಿತಾಂಶ ತಿಳಿದ ಮೇಲೆ ಹೊಟ್ಟೆಹುಣ್ಣಿನ ಶಸ್ತ್ರಚಿಕಿತ್ಸೆಗೆ ಒಳಗಾದ ಅವರು ಪ್ರಜ್ಞೆಗೆ ಮರಳಲಿಲ್ಲ. ಏಪ್ರಿಲ್ 11ರಂದು ನಿಧನರಾದರು.

ಮರಣಾನಂತರ ಹೊರಬಂದ ‘ಋಣಜಲ ಧನಜಲ’ದಲ್ಲಿ 1966ರ ಬರ ಮತ್ತು 1975ರ ಪಟ್ನಾ ನೆರೆಯ ವರದಿಗಳಿವೆ. ಕಾದಂಬರಿಗಳ ನೆರಳಿನಲ್ಲಿ ಈ ಪುಸ್ತಕಕ್ಕೆ ಸಲ್ಲಬೇಕಾದ ಗಮನ ಸಂದಿಲ್ಲ. ನೆರೆಯ ನೀರು ಪಟ್ನಾದ ಬೀದಿಗಳಿಗೆ ನುಗ್ಗಿದ ರಾತ್ರಿ ಅವರು ತಮ್ಮ ಮನೆಯಲ್ಲಿ ಕುಳಿತು, ಚಹದಂಗಡಿಯ ಹರಟೆಯನ್ನೂ ರೇಡಿಯೋದ ಪ್ರಕಟಣೆಯನ್ನೂ ಕೊನೆಗೆ ಏರಿಬರುವ ನೀರಿನ ಸದ್ದನ್ನೂ ಒಂದೊಂದಾಗಿ ಗುರುತಿಸುತ್ತ ಹೋಗುತ್ತಾರೆ. ಒಂದು ಘಟ್ಟದಲ್ಲಿ, ತಮ್ಮ ಬಳಿ ಚಲನಚಿತ್ರ ಕ್ಯಾಮೆರಾ ಇದ್ದಿದ್ದರೆ ಎಂದುಕೊಳ್ಳುತ್ತಾರೆ, ಅದಿಲ್ಲದಿದ್ದರೆ ಟೇಪ್ ರೆಕಾರ್ಡರ್ ಆದರೂ ಎಂದುಕೊಳ್ಳುತ್ತಾರೆ. ಎರಡೂ ಇಲ್ಲ, ಇದ್ದ ಲೇಖನಿಯೂ ಕಳುವಾಗಿದೆ. ಕೈಯಲ್ಲಿ ಏನೂ ಇಲ್ಲದಿರುವುದೇ ಒಳ್ಳೆಯದಾಯಿತೆಂದು ಬರೆದು ಅವರು ಆ ವರದಿಯನ್ನು ಮುಗಿಸುತ್ತಾರೆ.